ಅಫಾರ್ ಭಾಷೆಯಲ್ಲಿ ಅಣ್ಣನಿಗೂ ಅಕ್ಕನಿಗೂ ಒಂದೇ ಪದವಾ?

ಪದಹುಡುಕಿ:
ಇಥಿಯೋಪಿಯಾ, ಎರಿಟ್ರಿಯಾ, ಜಿಬೂಟಿಯಲ್ಲಿ ಆಡುವ ಅಫಾರ್ ಭಾಷೆಯ ಒಂದು ಪದಪಟ್ಟಿ ನೋಡುತ್ತಿದ್ದೆ. ‘ತೋಬೊಕೊಯ್ತ’ ಅಂದರೆ ಅಣ್ಣ ಅಥವಾ ತಮ್ಮ ಅಂತ ಇದೆ. ಕೆಳಗಿನ ಸಾಲಿನಲ್ಲಿ ಅದೇ ಪದಕ್ಕೆ ಅಕ್ಕ ಅಥವಾ ತಂಗಿ ಅಂತಲೂ ಇದೆ. ಇದು ಅಚ್ಚಿನ ತಪ್ಪಾ? ಸಾಹೋ ಭಾಷೆಯಲ್ಲೂ ಹೀಗೇನಾ?

ನುಡಿಗಂಟು:
ತಪ್ಪಲ್ಲ. ಪದ ಬರೆದಾಗ ಒಂದೇ, ಆಡಿದಾಗ ಎರಡು. ದನಿ ‘ಕೊಯ್’ ಮೇಲೆ ಏರಿದರೆ ಅಣ್ಣ, ಕೊನೆಯ ‘ತ’ ಮೇಲೆ ಏರಿದರೆ ಅಕ್ಕ. ‘ಬಡ’ ಅನ್ನೋದೂ ಹಾಗೇ: ಮೊದಲ ಅಕ್ಷರ ಏರಿದರೆ ಮಗ, ಎರಡನೆಯದು ಏರಿದರೆ ಮಗಳು. ನಮ್ಮಲ್ಲಿ ಹುಡುಗ, ಹುಡುಗಿ ಅಂತ ಕೊನೆಯ ಸ್ವರವೇ ಬದಲಾಗುತ್ತದಲ್ವಾ, ಅವರಲ್ಲಿ ಸ್ವರ ಅದೇ ಇದ್ದು ದನಿ ಮಾತ್ರ ಜಾಗ ಬದಲಿಸುತ್ತದೆ. ಎಷ್ಟು ಚೆಂದ! ಹೆಂಗಸಿಗೂ ಹೆಂಡತಿಗೂ ‘ಬರ್ರ’ ಅನ್ನುತ್ತಾರೆ, ಅಲ್ಲೂ ಏರು ಕೊನೆಯಲ್ಲೇ. ಗಂಡನಿಗೆ ಮಾತ್ರ ಬೇರೆ ಪದ ಇದೆ.

ಅಂದಹಾಗೆ, ‘ಬಡ’ ಪದದ ಡಕಾರವನ್ನು ಅಫಾರ್ ಬರಹದಲ್ಲಿ ರೋಮನ್ ಅಕ್ಷರ ಎಕ್ಸ್‌ನಿಂದ ಬರೆಯುತ್ತಾರೆ. ನೋಡಿದ ತಕ್ಷಣ ‘ಬಕ್ಸ’ ಅಂತ ಓದಬೇಡಿ. ನಮ್ಮ ‘ಡ’ ಥರಾನೇ ಅನ್ನಿ, ಸಾಕು.

ಮಾತಿನಮನೆ:
ಸಾಹೋ ಎರಿಟ್ರಿಯಾದಲ್ಲೂ, ಇಥಿಯೋಪಿಯಾದ ಟಿಗ್ರೆಯ ಇರೋಬ್ ಜನರಲ್ಲೂ ಇದೆ. ಅಫಾರ್‌ಗೆ ತುಂಬಾ ಹತ್ತಿರದ್ದು, ಎರಡೂ ಒಂದೇ ಭಾಷೆಯ ಒಳನುಡಿಗಳು ಅನ್ನುವವರೂ ಇದ್ದಾರೆ. ಎರಡರಲ್ಲೂ ಗಂಡು, ಹೆಣ್ಣು ಎರಡೇ ಲಿಂಗ. ನಮ್ಮ ‘ಅದು’ ಥರದ ಮೂರನೆಯದು ಇಲ್ಲ, ಹಾಗಾಗಿ ಅಫಾರ್‌ನಲ್ಲಿ ಚಳಿಗಾಲಕ್ಕೂ ಲಿಂಗ ಬೇಕು: ‘ಗಿಲಾಲ್’ ವ್ಯಂಜನದಲ್ಲಿ ಮುಗಿಯುತ್ತದೆ, ಅದಕ್ಕೇ ಗಂಡು.

ಕಿವಿಗೆ ಏರು ಸಿಗದಿದ್ದರೆ ಕ್ರಿಯಾಪದ ಕೇಳಿಸಿಕೊಳ್ಳಿ. ಅಫಾರ್‌ನಲ್ಲಿ ‘ಯೆಮೇತೆ’ ಅಂದರೆ ಬಂದ, ‘ತೆಮೇತೆ’ ಅಂದರೆ ಬಂದಳು. ಮೊದಲ ಅಕ್ಷರವೇ ಹೇಳಿಬಿಡುತ್ತದೆ.

ಪದಹುಡುಕಿ:
ತುಂಬಾ ಥ್ಯಾಂಕ್ಸ್. ಹಾಗಾದರೆ ಕೊನೆಯಲ್ಲಿ ಏರಿದರೆ ಹೆಣ್ಣು ಅಂತ ಕಣ್ಣುಮುಚ್ಚಿ ಹೇಳಬಹುದಾ?

ನುಡಿಗಂಟು:
ಆಗಲ್ಲ. ‘ಅಬ್ಬ’ ಅಂದರೆ ಅಪ್ಪ, ದನಿ ಏರೋದು ಕೊನೆಯಲ್ಲೇ, ಆದರೂ ಪದ ಗಂಡೇ. ‘ಗಬ್ಬಿಡೇರ’ ಅಂದರೆ ಸಣ್ಣ ನಡುವಿನ ಹೆಂಗಸು, ಏರು ‘ಡೇ’ ಮೇಲೆ, ಆದರೂ ಹೆಣ್ಣು. ಮನುಷ್ಯರ ವಿಷಯದಲ್ಲಿ ಮೊದಲು ಅರ್ಥ ನೋಡಿ, ದನಿ ಆಮೇಲೆ.