ಅಮ್ಮ ತವರಿನ ಸರವನ್ನು ಮನೆಕೆಲಸದ ಅಕ್ಕನಿಗೆ ಬರೆಯುತ್ತಾರಂತೆ

ತುಂಗೆದಂಡೆ:
ಅಮ್ಮನಿಗೆ 78. ಶಿವಮೊಗ್ಗದಲ್ಲಿ ಒಬ್ಬರೇ ಇದ್ದಾರೆ. ಮೊನ್ನೆ ನನ್ನನ್ನು ಕೂರಿಸಿಕೊಂಡು, ವಿಲ್ ಬರೀಬೇಕು, ಪೆನ್ನು ತಗೋ ಅಂದರು. ಮನೆ ಮಕ್ಕಳು ಮೂವರಿಗೂ ಸಮ, ಅದಕ್ಕೆ ಯಾರ ತಕರಾರೂ ಇಲ್ಲ. ಆದರೆ ತವರಿಂದ ಬಂದ ಅವಲಕ್ಕಿ ಸರ ಮಾತ್ರ, ಹನ್ನೊಂದು ವರ್ಷದಿಂದ ಮನೆಗೆಲಸಕ್ಕೆ ಬರುತ್ತಿರುವ ಅಕ್ಕನಿಗಂತೆ. ದುಡ್ಡು ಕೊಡೋಣ, ಸರ ಯಾಕೆ ಅಂತ ಅಣ್ಣ ಸಿಟ್ಟಾಗಿದ್ದಾನೆ. ನನಗೂ ಚುರುಕ್ ಅಂದಿದ್ದು ಸುಳ್ಳಲ್ಲ, ಅದು ನನಗೇ ಅಂದ್ಕೊಂಡಿದ್ದೆ. ಹೀಗೆ ಬರೆಯೋಕೆ ಆಗುತ್ತಾ? ಅದಕ್ಕಿಂತ ಜಾಸ್ತಿ, ಯಾಕೆ ಹೀಗೆ?

ಕಪ್ಪುಕೋಟು:
ಧಾರಾಳವಾಗಿ ಆಗುತ್ತೆ. ತವರಿನ ಒಡವೆ ಸ್ತ್ರೀಧನ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 14ನೇ ಕಲಂ ಪ್ರಕಾರ ಪೂರ್ತಿ ಅವರದ್ದೇ. ಬಿಳಿ ಹಾಳೆ ಸಾಕು, ಛಾಪಾ ಕಾಗದ ಬೇಡ. ಅಮ್ಮ ಸಹಿ ಮಾಡೋದನ್ನು ಇಬ್ಬರು ಸಾಕ್ಷಿಗಳು ನೋಡಿ, ಅವರೆದುರೇ ತಾವೂ ಸಹಿ ಹಾಕಬೇಕು. ನೋಂದಣಿ ಕಡ್ಡಾಯವಲ್ಲ, ಆದರೆ ಅಣ್ಣ ಸಿಟ್ಟಾಗಿದ್ದಾರೆ ಅಂತೀರಲ್ಲ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾಡಿಸಿಬಿಡಿ. ಸಾಕ್ಷಿಗೆ ಆ ಅಕ್ಕನೂ ಬೇಡ, ನೀವೂ ಬೇಡ. ಸುಮ್ನೆ ‘ನನ್ನ ಸರ’ ಅಂತ ಬರೆಸಬೇಡಿ, ಆಮೇಲೆ ಯಾವ ಸರ ಅಂತ ಜಗಳ. ಎಷ್ಟು ಎಳೆ, ಎಷ್ಟು ಗ್ರಾಂ, ಪದಕದ ಕಲ್ಲು ಯಾವ ಬಣ್ಣ, ಎಲ್ಲ ಬರಲಿ. ಮನೆ ಅಮ್ಮನ ಹೆಸರಲ್ಲೇ ಇದೆ ತಾನೇ? ಪಿತ್ರಾರ್ಜಿತ ಆಗಿದ್ದರೆ ಅವರ ಪಾಲಿಗಷ್ಟೇ ವಿಲ್ ಬರೆಯಬಹುದು.

ಬಿಸಿಬೇಳೆ:
ಇಷ್ಟೆಲ್ಲ ರಗಳೆ ಯಾಕೆ, ಈಗಲೇ ಆಕೆಯ ಕೊರಳಿಗೆ ಹಾಕಲಿ. ಹಾಕ್ಕೊಂಡಿದ್ದನ್ನು ಅಮ್ಮನೂ ಕಣ್ತುಂಬ ನೋಡಬಹುದು.

ಮೆಟ್ಟುಗತ್ತಿ:
ಸುಮ್ನೆ ಕೈಲಿ ಕೊಟ್ಟರೆ, ಅಮ್ಮ ಹೋದ ಮಾರನೇ ದಿನವೇ ‘ಬೀರುವಿಂದ ಕದ್ದಳು’ ಅನ್ನೋರು ಹುಟ್ಟಿಕೊಳ್ಳುತ್ತಾರೆ ಸ್ವಾಮಿ. ಕಾಗದದಲ್ಲಿದ್ದರೆ ಸರದ ಜೊತೆ ಆಕೆಯ ಮಾನವೂ ಉಳಿಯುತ್ತೆ. ನಿಮ್ಮಮ್ಮ ಅದನ್ನೂ ಯೋಚಿಸಿರಬಹುದು ಅಲ್ವಾ?

ನನ್ನ ಹೆಸರು ನೋಡಿ ನಗಬೇಡಿ. ನಮ್ಮದು ಸಾಗರದ ಕಡೆ. ಅಜ್ಜ ತೋಟವನ್ನೆಲ್ಲ ಗಂಡುಮಕ್ಕಳಿಗೆ ಬರೆದು, ಕೊನೇ ಸಾಲಲ್ಲಿ ಅಡಿಕೆ ಸುಲಿಯುವ ಮೆಟ್ಟುಗತ್ತಿಯನ್ನು ನನಗೆ ಬರೆದಿದ್ದರು. ಓದಿದಾಗ ಎಲ್ಲರೂ ನಕ್ಕರು, ನಾನೂ ನಕ್ಕೆ. ಕೊಯ್ಲಿನ ಕಾಲದಲ್ಲಿ ರಾತ್ರಿ ಹನ್ನೊಂದರವರೆಗೂ ಅಜ್ಜನ ಪಕ್ಕ ಕೂತು ಸುಲಿಯುತ್ತಿದ್ದ ಮೊಮ್ಮಗಳು ನಾನೊಬ್ಬಳೇ, ಅವರಿಗೆ ಅದು ನೆನಪಿತ್ತು. ತೋಟದಲ್ಲಿ ಪಾಲು ಕೊಡಲಿಲ್ಲ ಅನ್ನೋ ಸಿಟ್ಟು ಇನ್ನೂ ಇದೆ, ಅದು ಬೇರೆ ಮಾತು.

ತುಂಗೆದಂಡೆ:
ಮನೆ ಅಮ್ಮನ ಹೆಸರಲ್ಲೇ ಇದೆ. ನಿನ್ನೆ ನೇರವಾಗಿ ಕೇಳಿಯೇಬಿಟ್ಟೆ. ‘ನೀನು ಒಂದು ದಿನವಾದ್ರೂ ಅದನ್ನ ಹಾಕ್ಕೊಳ್ಳಕ್ಕೆ ಕೇಳಿದೀಯಾ? ಅವಳು ಪ್ರತಿ ಗೌರಿಹಬ್ಬಕ್ಕೂ ಅಂಟುವಾಳದ ನೀರಲ್ಲಿ ತಿಕ್ಕಿ, ನನ್ನ ಕೊರಳಿಗೆ ಹಾಕಿ, ಕನ್ನಡಿ ಹಿಡೀತಾಳೆ’ ಅಂದರು. ನಾನು ಹಬ್ಬಕ್ಕೆ ಊರಿಗೆ ಹೋಗಿ ಆರು ವರ್ಷ ಆಯ್ತು. ಸರ ತಂದು ನೋಡಿದೆ, ಪದಕದ ಹಿಂದೆ ಕೊಂಡಿ ಬಿಟ್ಟಿದ್ದಕ್ಕೆ ಕೆಂಪು ದಾರ ಸುತ್ತಿದೆ, ಅದೂ ಅವಳದ್ದೇ ಕೆಲಸವಂತೆ. ನಾಳೆ ಅಂಗಡಿಗೆ ಹೋಗಿ ತೂಕ ಹಾಕಿಸಿಕೊಂಡು ಬರ್ತೀನಿ. ದಾರ ಬಿಚ್ಚಬೇಡ ಅಂದಿದ್ದಾರೆ.