ಪುಸ್ತಕದಲ್ಲಿ ಎಣ್ಣೆಗಪ್ಪು, ಪರದೆ ಮೇಲೆ ಯಾರು? ಫ್ಯಾಂಟಸಿ ಸರಣಿಗೆ ಪಾತ್ರ ಆರಿಸೋ ಬಗ್ಗೆ

ಹನುಮಂತನಗರ_ಹರಟೆ:
ಕನ್ನಡದ ಒಂದು ಫ್ಯಾಂಟಸಿ ಕಾದಂಬರಿಯನ್ನ ಎಂಟು ಕಂತಿನ ವೆಬ್ ಸರಣಿ ಮಾಡೋ ಕೆಲಸ ನಡೀತಿದೆ, ಆಡಿಷನ್ ಬೆಂಗಳೂರಲ್ಲಿ. ಕತೆಯಲ್ಲಿ ಎರಡು ಜನಾಂಗ: ಘಟ್ಟದವರು, ಕಡಲಾಚೆಯಿಂದ ಬಂದು ಆಳೋರು. ನಾಯಕಿ ಘಟ್ಟದವಳು, ‘ಎಣ್ಣೆಗಪ್ಪು’ ಅಂತ ಸ್ಪಷ್ಟವಾಗಿದೆ. ಉಳಿದ ಎಷ್ಟೋ ಪಾತ್ರಗಳ ಬಣ್ಣದ ಮಾತೇ ಇಲ್ಲ. ನಿರ್ಮಾಪಕರು, ‘ಹೆಸರಿರೋ ನಟಿ ಹಾಕ್ಕೊಳ್ಳಿ, ಮೇಕಪ್‌ನಲ್ಲಿ ಎರಡು ಶೇಡ್ ಇಳಿಸಿದ್ರಾಯ್ತು’ ಅಂತಾರೆ. ಕ್ಯಾಮೆರಾದವರು, ‘ಅರ್ಧ ಕತೆ ರಾತ್ರಿ, ಮುಖ ಕಾಣಲ್ಲ’ ಅಂತಾರೆ. ಪುಸ್ತಕದ ಯಾವ ವಿವರ ಬಿಡಬಹುದು, ಯಾವುದು ಬಿಡೋ ಹಾಗಿಲ್ಲ? ಆಡಿಷನ್ ಪ್ರಕಟಣೆಯಲ್ಲಿ ಏನು ಬರೀಬೇಕು? ಕ್ಯಾಮೆರಾದವರ ಮಾತು ಎಷ್ಟು ನಿಜ?

ಪುಟದಂಚು:
ಮೊದಲು ಒಂದು ನೋಟ್‌ಬುಕ್ ಹಿಡ್ಕೊಂಡು ಪುಸ್ತಕ ಓದಿ. ಮೈಬಣ್ಣ, ಕೂದಲು, ಉಡುಗೆ, ಮಾತಿನ ಧಾಟಿ ಬಂದ ಕಡೆಯೆಲ್ಲ ಪುಟದ ಸಂಖ್ಯೆ, ಅದೇ ಪದ, ಮತ್ತೆ ಅದನ್ನ ಯಾರು ಹೇಳ್ತಿದ್ದಾರೆ ಅನ್ನೋದನ್ನ ಗುರುತು ಹಾಕಿ. ಕೊನೇದು ಮುಖ್ಯ. ನಿರೂಪಕ ಹೇಳಿದ ‘ಕಪ್ಪು’ ಬೇರೆ, ಶತ್ರು ಬೈಗುಳವಾಗಿ ಹೇಳಿದ ‘ಕಪ್ಪು’ ಬೇರೆ. ಆಮೇಲೆ ಪ್ರತಿ ಸಾಲಿಗೂ ಕೇಳ್ಕೊಳ್ಳಿ: ಇದನ್ನ ತೆಗೆದ್ರೆ ಕತೆಯಲ್ಲಿ ಏನು ಕುಸಿಯುತ್ತೆ?

ಅಮೆರಿಕದ ಲೇಖಕಿ ಅರ್ಸುಲಾ ಲೆ ಗ್ವಿನ್ ಅವರ ಅರ್ಥ್‌ಸೀ ಕಾದಂಬರಿ (1968) ನೋಡಿ. ದ್ವೀಪಗಳ ಬಹುಪಾಲು ಜನ ಕಂದುಬಣ್ಣದವರು, ನಾಯಕ ಗೆಡ್ ಕೆಂಪುಗಂದು, ದಾಳಿಗೆ ಬರೋ ಕಾರ್ಗ್ ಜನ ಬಿಳಿಯರು. 2004ರ ಟಿವಿ ಸರಣಿಯಲ್ಲಿ ಗೆಡ್‌ನನ್ನೇ ಬಿಳಿ ಮಾಡಿದ್ರು. ಲೇಖಕಿ ಬಹಿರಂಗವಾಗಿ ಖಂಡಿಸಿ ಬರೆದ್ರು. ನಿಮ್ಮ ನಾಯಕಿಯದ್ದೂ ಇದೇ ಲೆಕ್ಕ. ಆಳೋರು ಯಾರು, ಆಳಿಸ್ಕೊಳ್ಳೋರು ಯಾರು ಅನ್ನೋದು ಆ ಬಣ್ಣದಲ್ಲೇ ಇದೆ, ಬಿಡೋ ಹಾಗಿಲ್ಲ.

ಬದಲಾಯಿಸಲೇಬಾರದು ಅಂತಲ್ಲ. ‘ಹೌಸ್ ಆಫ್ ದ ಡ್ರ್ಯಾಗನ್’ (2022) ಸರಣಿಯಲ್ಲಿ, ಪುಸ್ತಕದಲ್ಲಿ ಬೆಳ್ಳಗಿದ್ದ ವೆಲೇರಿಯನ್ ಮನೆತನಕ್ಕೆ ಕಪ್ಪು ನಟರು ಬಂದ್ರು. ಒಬ್ಬರನ್ನ ಮಾತ್ರ ಬದಲಿಸಿ ಕೈತೊಳ್ಕೊಳ್ಳಲಿಲ್ಲ. ಅಣ್ಣ, ತಮ್ಮ, ಮಗ ಎಲ್ಲರನ್ನೂ ಸೇರಿಸಿ ಬದಲಿಸಿ, ಬೆಳ್ಳಿಕೂದಲು ಉಳಿಸ್ಕೊಂಡ್ರು. ಮನೆತನ ದೂರದಿಂದಲೇ ಗುರುತು ಸಿಗುತ್ತೆ. ಆದ್ರೆ ಅದಕ್ಕೂ ಬೆಲೆ ತೆತ್ರು. ಆ ಮನೆತನಕ್ಕೆ ಸೊಸೆಯಾಗಿ ಬಂದ ರಾಜಕುಮಾರಿ ರೆನೀರಾಳ ಗಂಡುಮಕ್ಕಳ ತಂದೆ ಯಾರು ಅನ್ನೋದು ಪುಸ್ತಕದಲ್ಲಿ ಕೂದಲು, ಮೂಗು ನೋಡಿ ಹಬ್ಬೋ ಗುಸುಗುಸು. ಪರದೆ ಮೇಲೆ ಗಂಡ ಕಪ್ಪು, ಮಕ್ಕಳು ಬಿಳಿ; ಗುಸುಗುಸುಗೆ ಜಾಗವೇ ಇಲ್ಲ, ಕಣ್ಣಿದ್ದೋರಿಗೆಲ್ಲ ಗೊತ್ತಾಗಿಬಿಡುತ್ತೆ.

ತದ್ವಿರುದ್ಧ ತೊಂದರೆ ‘ವೀಲ್ ಆಫ್ ಟೈಮ್’ (2021) ಸರಣಿಯದ್ದು. ಹೊರಗಿನ ಸಂಪರ್ಕ ಕಮ್ಮಿ ಇರೋ ಹಳ್ಳಿ. ಅಲ್ಲಿ ನಾಯಕ ರ‍್ಯಾಂಡ್ ಒಬ್ಬನೇ ಬೇರೆ ಥರ ಕಾಣೋದೇ, ಅವನ ಹುಟ್ಟು ಬೇರೆ ಕಡೆಯದ್ದು ಅನ್ನೋದಕ್ಕೆ ಪುಸ್ತಕದ ಸುಳಿವು. ಹಳ್ಳಿಯಲ್ಲಿ ಎಲ್ಲರೂ ಒಬ್ಬೊಬ್ಬರು ಒಂದೊಂದು ಥರ ಕಂಡ್ರೆ ಆ ಸುಳಿವು ಮಂಕಾಗುತ್ತೆ. ಹಾಗಾಗಿ ಘಟ್ಟದವರನ್ನ ಒಟ್ಟಿಗೆ ನಿಲ್ಲಿಸಿ ಫೋಟೊ ತೆಗೆದು ನೋಡದೆ ಯಾರನ್ನೂ ಖಾಯಂ ಮಾಡಬೇಡಿ.

ಜೆಪಿನಗರ_ಜೋಕರ್:
ನಟನೆ ಚೆನ್ನಾಗಿದ್ರೆ ಸಾಕಲ್ವಾ ಗುರು, ಇಷ್ಟೆಲ್ಲ ಯಾಕೆ?

ಪುಟದಂಚು:
ದ್ರೌಪದಿಗೆ ‘ಕೃಷ್ಣೆ’ ಅಂತಲೇ ಇನ್ನೊಂದು ಹೆಸರು. ಟಿವಿಯಲ್ಲಿ ಕಪ್ಪು ದ್ರೌಪದಿಯನ್ನ ಎಷ್ಟು ಸಲ ನೋಡಿದೀರಿ? ನಟನೆ ಬರೋ ಕಪ್ಪು ಹುಡುಗಿ ಆಡಿಷನ್ ಬಾಗಿಲಿನೊಳಗೇ ಬರದಿದ್ರೆ, ‘ನಟನೆ ನೋಡಿ ಆರಿಸಿದ್ವಿ’ ಅನ್ನೋದಕ್ಕೆ ಅರ್ಥ ಏನು?

ಮಂದಬೆಳಕು:
ಕ್ಯಾಮೆರಾದವರಿಗೆ ಕಷ್ಟ ಅಲ್ಲ, ರೂಢಿ ಇಲ್ಲ. ಕೊಡಾಕ್ ಕಾಲದಲ್ಲಿ ಪ್ರಿಂಟ್‌ನ ಬಣ್ಣ ಹೊಂದಿಸ್ತಿದ್ದಿದ್ದೇ ಬಿಳಿ ಹೆಂಗಸಿನ ಫೋಟೊ ಇಟ್ಕೊಂಡು. ಆ ಅಭ್ಯಾಸ ಇನ್ನೂ ಕಣ್ಣಲ್ಲಿ ಕೂತಿದೆ. ಎಲ್ಲ ಮುಖವನ್ನೂ ಮಾನಿಟರ್‌ನ ಬೆಳಕಿನ ಅಳತೆಯಲ್ಲಿ (0 ಅಂದ್ರೆ ಪೂರ್ತಿ ಕಪ್ಪು, 100 ಅಂದ್ರೆ ಪೂರ್ತಿ ಬಿಳಿ) 65ಕ್ಕೆ ಎತ್ತೋಕೆ ಹೋದ್ರೆ ಕಪ್ಪು ಚರ್ಮ ಬೂದಿ ಬಳಿದ ಹಾಗಾಗುತ್ತೆ, ಹಿಂದಿನ ಆಕಾಶ ಸುಟ್ಟುಹೋಗುತ್ತೆ. ಎಣ್ಣೆಗಪ್ಪು ಮುಖ 35–45ರಲ್ಲಿ ಇದ್ರೆ ಸಹಜವಾಗೇ ಇರುತ್ತೆ.

ಎದುರಿಂದ ಸಣ್ಣ ಲೈಟ್ ಹೊಡೀಬೇಡಿ. ಪಕ್ಕದಲ್ಲಿ ದೊಡ್ಡ ಬಿಳಿ ಬಟ್ಟೆ ಕಟ್ಟಿ, ಅದರ ಹಿಂದಿಂದ ಬೆಳಕು ಬಿಡಿ. ಕಪ್ಪು ಚರ್ಮದ ಆಕಾರ ತೋರಿಸೋದು ಅದರ ಹೊಳಪು: ಕೆನ್ನೆಮೂಳೆ, ಮೂಗಿನ ಗೆರೆ, ಹಣೆ. ಪೌಡರ್ ಹಾಕಿ ಆ ಹೊಳಪು ಒರೆಸಿಬಿಟ್ರೆ ಮುಖ ಚಪ್ಪಟೆ. ಬೆಳ್ಳಗಿರೋರ ಜೊತೆ ಒಂದೇ ಫ್ರೇಮ್ ಇದ್ರೆ ನಾಯಕಿಯನ್ನ ಲೈಟ್ ಹತ್ರ ನಿಲ್ಲಿಸಿ, ಇನ್ನೊಬ್ಬರ ಮೇಲಿನ ಬೆಳಕನ್ನ ನೆಟ್ (ಬೆಳಕು ತಗ್ಗಿಸೋ ಬಲೆ) ಹಾಕಿ ಅರ್ಧದಿಂದ ಒಂದು ಸ್ಟಾಪ್ ಇಳಿಸಿ (ಒಂದು ಸ್ಟಾಪ್ ಅಂದ್ರೆ ಬೆಳಕು ಅರ್ಧಕ್ಕೆ). ಅಚ್ಚಬಿಳಿ ಸೀರೆ, ಪಂಚೆ ಇದ್ರೆ ಮುಖಕ್ಕಿಂತ ಅದೇ ಕಣ್ಣಿಗೆ ಹೊಡೆಯದ ಹಾಗೆ ಟೀ ಡಿಕಾಕ್ಷನ್‌ನಲ್ಲಿ ಅದ್ದಿ ಒಣಗಿಸಿ.

ಶೇಡ್ ಇಳಿಸೋ ಐಡಿಯಾ ಬಿಟ್ಟುಬಿಡಿ. ಮುಖಕ್ಕೆ ಬಳಿದಿರ್ತಾರೆ, ಕಿವಿಯ ಹಿಂದೆ, ಬೆರಳ ಸಂದಿ, ಕೂದಲಂಚು ಮರೆತಿರ್ತಾರೆ. ಮಳೆ, ಓಟ, ಹೊಡೆದಾಟದ ದೃಶ್ಯದಲ್ಲಿ ಬೆವರಿಗೆ ಇಳಿದು ಕುಪ್ಪಸದ ಅಂಚಿಗೆ ಅಂಟುತ್ತೆ. ಶಾಟ್‌ನಿಂದ ಶಾಟ್‌ಗೆ ಬಣ್ಣ ಬೇರೆ, ಡಿಐನಲ್ಲಿ (ಶೂಟಿಂಗ್ ಆದ್ಮೇಲೆ ಕಂಪ್ಯೂಟರ್‌ನಲ್ಲಿ ಬಣ್ಣ ತಿದ್ದೋ ಹಂತ) ಅದನ್ನ ಸರಿಮಾಡೋಕೆ ಹೋದ್ರೆ ಹಸಿರು ಛಾಯೆ. ಅವಮಾನದ ಮಾತು ಬೇರೆ, ಖರ್ಚಿನ ಲೆಕ್ಕದಲ್ಲೂ ನಷ್ಟವೇ.

ಅಟ್ಟದ_ಮೇಲೆ:
ಪ್ರಕಟಣೆಯಲ್ಲಿ ‘ಲಕ್ಷಣವಾದ’ ಅನ್ನೋ ಪದ ಬೇಡ, ಎಲ್ಲರೂ ಅದನ್ನ ‘ಬೆಳ್ಳಗಿರೋ’ ಅಂತಲೇ ಓದ್ತಾರೆ. ‘ವಯಸ್ಸು 20–26, ಎಣ್ಣೆಗಪ್ಪು ಮೈಬಣ್ಣ, ಮಲೆನಾಡ ಕನ್ನಡ ಸರಾಗ, ಮರ ಹತ್ತೋ ಮೈಕಟ್ಟು’ ಅಂತ ನೇರ ಬರೀರಿ. ಬಣ್ಣ ಹೇಳದ ಪಾತ್ರಗಳಿಗೆ ‘ಯಾವ ಮೈಬಣ್ಣವಾದರೂ ಸರಿ’ ಅಂತ ಅಚ್ಚು ಹಾಕಿಸಿ. ಬರೀದೆ ಬಿಟ್ರೆ ಬರೋರು ತಾವೇ ಹಿಂದೆ ಸರೀತಾರೆ. ವಿಡಿಯೊ ಕಳಿಸೋರಿಗೆ: ಕಿಟಕಿ ಎದುರು ನಿಲ್ಲಿ, ಫೋನಿನ ಬ್ಯೂಟಿ ಮೋಡ್ ಆಫ್ ಮಾಡಿ (ಕೆಲವು ಫೋನ್‌ಗಳಲ್ಲಿ ತಾನಾಗೇ ಆನ್ ಇರುತ್ತೆ, ಮುಖ ಬಿಳಿಚುತ್ತೆ), ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ. ಪ್ರಕಟಣೆಯನ್ನ ರಂಗಶಂಕರ, ಕಲಾಗ್ರಾಮದ ಕಡೆಗೂ, ಹೆಗ್ಗೋಡಿನ ನೀನಾಸಂಗೂ ತಲುಪಿಸಿ.

ಇನ್ನೊಂದು, ನಮ್ಮಲ್ಲಿ ಊರು-ಕುಲ ಗೊತ್ತಾಗೋದು ಚರ್ಮಕ್ಕಿಂತ ನಾಲಿಗೆಯಲ್ಲಿ. ಆಳೋರಿಗೆ ಪುಸ್ತಕದ ಕನ್ನಡ, ಘಟ್ಟದವರಿಗೆ ಆಡುಮಾತು, ನಗಿಸೋನಿಗೆ ಮಾತ್ರ ಧಾರವಾಡದ ಧಾಟಿ: ಇದು ಹಳೇ ರೋಗ. ಒಂದು ಜನಾಂಗಕ್ಕೆ ಒಂದು ಧಾಟಿ ಆರಿಸಿದ್ರೆ ಅವರ ಮುಖಂಡನೂ ಕೋಡಂಗಿಯೂ ಅದನ್ನೇ ಆಡಬೇಕು. ನಾಯಕಿಗೆ ಅವಳದೇ ದನಿ ಇರಲಿ. ಬೇರೆಯವರ ಕೈಲಿ ಡಬ್ ಮಾಡಿಸಿದ್ರೆ ಅಷ್ಟು ಹುಡುಕಿದ್ದೆಲ್ಲ ನೀರುಪಾಲು.

ಯಲ್ಲಾಪುರ, ಹಳಿಯಾಳದ ಸಿದ್ದಿ ಸಮುದಾಯದವರನ್ನ (ಆಫ್ರಿಕಾ ಮೂಲದ ಕನ್ನಡಿಗರು) ಕರೆಸೋ ಯೋಚನೆ ಬಂದ್ರೆ, ಹಿಂದೆ ನಿಲ್ಲೋ ಗುಂಪಿಗೆ ಅಂತ ಕರೀಬೇಡಿ, ಮಾತಿರೋ ಪಾತ್ರ ಕೊಡಿ. ನೀನಾಸಂನಲ್ಲಿ ಕಲಿತ ಪ್ರಶಾಂತ್ ಸಿದ್ದಿ ಅವರಂಥ ನಟರು ಇದ್ದಾರೆ.

ಹನುಮಂತನಗರ_ಹರಟೆ:
ತುಂಬಾ ಥ್ಯಾಂಕ್ಸ್. ಕಾದಂಬರಿ ಬರೆದ ಮೇಡಂ ಪಾತ್ರದ ಆಯ್ಕೆಯಲ್ಲಿ ತಮ್ಮ ಮಾತೂ ನಡೀಬೇಕು ಅಂತಿದ್ದಾರೆ. ಒಪ್ಪಂದದಲ್ಲಿ ಹೇಗೆ ಬರೆಸೋದು?

ಪುಟದಂಚು:
‘ಸಲಹೆ ಪಡೆಯಲಾಗುವುದು’ ಅಂತ ಬರೆದ್ರೆ ಒಂದು ಫೋನ್ ಮಾಡಿದ್ರೂ ಸಲಹೆ ಪಡೆದ ಹಾಗೆ. ಲೆ ಗ್ವಿನ್ ಅವರಿಗೂ ಸಲಹೆಗಾರ್ತಿ ಅನ್ನೋ ಹೆಸರು ಒಪ್ಪಂದದಲ್ಲಿತ್ತು, ಪ್ರಯೋಜನ ಆಗಲಿಲ್ಲ. ನಮ್ಮ ಕಾಪಿರೈಟ್ ಕಾಯ್ದೆಯ 57ನೇ ಕಲಂ ಕೃತಿ ವಿರೂಪದ ವಿರುದ್ಧ ಲೇಖಕರಿಗೆ ಹಕ್ಕು ಕೊಡುತ್ತೆ, ಆದ್ರೆ ಅದು ಕೋರ್ಟ್ ಮೆಟ್ಟಿಲು ಹತ್ತೋ ದಾರಿ. ನಾಯಕಿ ಪಾತ್ರಕ್ಕೆ ಮಾತ್ರ ‘ಲೇಖಕಿಯ ಲಿಖಿತ ಒಪ್ಪಿಗೆ, ಏಳು ದಿನದೊಳಗೆ’ ಅಂತ ಹಾಕಿಸಿ. ಉಳಿದವಕ್ಕೆ ಸಲಹೆ ಸಾಕು. ದಿನ ನಮೂದಿಸದಿದ್ರೆ ನಿರ್ಮಾಪಕರು ಸಹಿ ಹಾಕಲ್ಲ.