ಸೆಸ್ನಾ 172 ವಿಮಾನ: ನೋಸ್ ಸ್ಟ್ರಟ್ (ಮುಂಚಕ್ರದ ಪೆಟ್ಟು ನುಂಗುವ ಕಂಬ) ಪದೇ ಪದೇ ಕೂರುತ್ತಿದೆ, ಗ್ಯಾಸ್ ತುಂಬಿದರೆ ಸಾಕಾ?

ಜಕ್ಕೂರು_ಹ್ಯಾಂಗರ್: ನೈಟ್ರೋಜನ್ ತುಂಬಿದರೆ ಎರಡು ದಿನ ಸರಿ ಇರುತ್ತೆ, ಆಮೇಲೆ ಕೂರುತ್ತೆ. ಪಿಸ್ಟನ್ ಮೇಲೆ ಕೆಂಪು ಎಣ್ಣೆಯ ಪಸೆ ಇದೆ. ಟ್ಯಾಕ್ಸಿಯಲ್ಲಿ (ನೆಲದ ಮೇಲೆ ಓಡಿಸುವಾಗ) ವಿಮಾನದ ಮೂತಿ ಪುಟಿಯುತ್ತೆ. ವಾಲ್ವ್ ಹೋಗಿದೆಯಾ, ಸೀಲ್ ಹೋಗಿದೆಯಾ?

ರಿವೆಟ್: ಪಸೆ ಇದ್ದರೆ ಮೊದಲ ಅನುಮಾನ ಸೀಲ್ ಮೇಲೆ. ವಾಲ್ವ್‌ಗೂ ಸೋಪಿನ ನೀರು ಹಚ್ಚಿ ನೋಡಿ, ಗುಳ್ಳೆ ಬಂದರೆ ಅಲ್ಲೂ ಸೋರುತ್ತಿದೆ. ಆದರೆ ಪುಟಿಯುತ್ತೆ ಅಂದಿರಲ್ಲ, ಅದೇ ಹೆಚ್ಚು ಚಿಂತೆಯ ವಿಷಯ: ಎಣ್ಣೆ ಇಳಿದಿದೆ. ಗ್ಯಾಸ್ ಬರೀ ಸ್ಪ್ರಿಂಗ್. ಪೆಟ್ಟು ನುಂಗುವುದು ಸಣ್ಣ ರಂಧ್ರದಲ್ಲಿ ನುಸುಳುವ ಎಣ್ಣೆ. ಎಣ್ಣೆ ಇಲ್ಲದೆ ಗ್ಯಾಸ್ ತುಂಬುತ್ತಾ ಹೋದರೆ ಎತ್ತರ ಸರಿಯಾಗೇ ಕಾಣುತ್ತೆ, ಜೋರಾಗಿ ಇಳಿದ ದಿನ ಸ್ಟ್ರಟ್ ತಳ ಬಡಿದು ಫೈರ್‌ವಾಲ್ (ಎಂಜಿನ್ ಹಿಂದಿನ ಲೋಹದ ಗೋಡೆ) ಮಡಚುತ್ತೆ.

ಮೊದಲು ಗ್ಯಾಸ್ ಪೂರ್ತಿ ಬಿಡಿ, ಆಮೇಲಷ್ಟೇ ವಾಲ್ವ್ ಬಿಚ್ಚಿ. ಸ್ಟ್ರಟ್ಟನ್ನು ಪೂರ್ತಿ ಒತ್ತಿ, ಫಿಲ್ಲರ್ ರಂಧ್ರದ ಕೆಳಅಂಚಿನವರೆಗೆ ಎಂಐಎಲ್-5606 (ಕೆಂಪು ಹೈಡ್ರಾಲಿಕ್ ಎಣ್ಣೆ) ಹಾಕಿ. ಮೂತಿ ಎತ್ತಿ ಇಳಿಸಿ, ಸ್ಟ್ರಟ್ ಹಲವು ಸಲ ಹಿಗ್ಗಿ ಕುಗ್ಗಲಿ. ಒಳಗಿನ ಗಾಳಿ ಹೊರಬಂದ ಮೇಲೆ ಎಣ್ಣೆ ಮತ್ತೆ ಇಳಿದಿರುತ್ತೆ, ಅದೇ ಮಟ್ಟಕ್ಕೆ ತುಂಬಿ. ಒತ್ತಿದ ಸ್ಥಿತಿಯಲ್ಲೇ ವಾಲ್ವ್ ಕೂರಿಸಿ, ಚಕ್ರ ನೆಲ ಬಿಟ್ಟಾಗ 45 ಪಿಎಸ್ಐ ಗ್ಯಾಸ್ ಒತ್ತಡ ಕೊಡಿ. ಚಕ್ರದ ಮೇಲೆ ಭಾರ ಇರುವಾಗ ಅದೇ ಅಂಕಿ ನೋಡುವುದು ತಪ್ಪು.

ಎಂ_ಲೈನ್: ಮೂತಿ ಎತ್ತಲು ಸ್ಟೆಬಿಲೈಸರ್ (ಬಾಲದ ಅಡ್ಡರೆಕ್ಕೆ) ಒತ್ತಬೇಡಿ, ಬಾಲದ ಟೈಡೌನ್ ರಿಂಗ್‌ಗೆ (ವಿಮಾನ ಕಟ್ಟಿಹಾಕುವ ಬಳೆ) ತೂಕ ಕಟ್ಟಿ.

ಸೀಲ್ ಬದಲಿಸುವ ಮುನ್ನ ಪಿಸ್ಟನ್ನಿನ ಕ್ರೋಮ್ ಮೇಲೆ ಉಗುರು ಆಡಿಸಿ. ಗೀರು ಅಥವಾ ತುಕ್ಕಿನ ಗುಳಿ ಸಿಕ್ಕಿದರೆ ಹೊಸ ಓ-ರಿಂಗ್ (ರಬ್ಬರ್ ಬಳೆಯ ಸೀಲ್) ಕೂಡ ಬೇಗ ಕುಯ್ದುಹೋಗುತ್ತೆ. ದಿನಾ ಅದೇ ಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಕ್ರೋಮ್ ಒರೆಸಿ. ಒಣ ಧೂಳೇ ಸೀಲ್‌ನ ಶತ್ರು. ಸ್ಕೈಡ್ರಾಲ್ (ಬೇರೆ ಬಗೆಯ ಹೈಡ್ರಾಲಿಕ್ ದ್ರವ) ಹಾಕಲೇಬೇಡಿ, ಈ ರಬ್ಬರ್ ಊದಿ ಹಾಳಾಗುತ್ತೆ. ಆಕ್ಸಿಜನ್ ಸಿಲಿಂಡರ್ ಹತ್ತಿರವೂ ತರಬಾರದು, ಎಣ್ಣೆ ಜೊತೆ ಸ್ಫೋಟವಾಗುತ್ತೆ.

ಜಕ್ಕೂರು_ಹ್ಯಾಂಗರ್: ಸರ್, ಟಾರ್ಕ್ ಲಿಂಕಲ್ಲೂ (ಪಿಸ್ಟನ್ ತಿರುಗದಂತೆ ಹಿಡಿಯುವ ಕೀಲುಜೋಡಿ) ಸ್ವಲ್ಪ ಸಡಿಲ ಇದೆ. ಈಗಲೇ ಬಿಚ್ಚಬಹುದಾ?

ಎಂ_ಲೈನ್: ಸೀಲ್‌ಗೆ ಹೇಗೂ ಬಿಚ್ಚಬೇಕು. ಗ್ಯಾಸ್ ಇರುವಾಗ ಮಾತ್ರ ಬೇಡ, ಪಿಸ್ಟನ್ ಚಿಮ್ಮಿ ಹೊರಬರುತ್ತೆ. ಬುಶಿಂಗ್, ಬೋಲ್ಟ್ ಸವೆದಿವೆಯಾ ನೋಡಿ, ಶಿಮ್ಮಿ ಡ್ಯಾಂಪರ್‌ನ (ಚಕ್ರದ ಅಲುಗಾಟ ತಡೆಯುವ ಭಾಗ) ಎಣ್ಣೆಯನ್ನೂ. ಇವು ಸಡಿಲ ಇದ್ದರೆ ಚಕ್ರ ಒದರುತ್ತೆ. ಮುಗಿದ ಮೇಲೆ ಎಎಂಇ (ವಿಮಾನ ನಿರ್ವಹಣಾ ಎಂಜಿನಿಯರ್) ಸಹಿ ಆಗದೆ ವಿಮಾನ ಹೊರಗೆ ಬಿಡಬೇಡಿ.